ತಾರಸಿಯ ಮೇಲೊಂದು ಕಂಬ

ಅಣ್ಣನಿಗೆ ಯಾರ ಮೇಲಾದರೂ ಪ್ರೀತಿ ಉಕ್ಕಿದರೆ ಸಿಮೆಂಟು ಕಲಸುತ್ತಾನೆ. ಬೇರೆಯವರ ಅಣ್ಣಂದಿರು ಬಾಯಿಬಿಟ್ಟು ಹೇಳುತ್ತಾರೆ, ಇಲ್ಲವೇ ಪೇಟೆಯಿಂದ ಏನಾದರೂ ತಂದುಕೊಡುತ್ತಾರೆ. ನನ್ನ ಅಣ್ಣ ಮೇಸ್ತ್ರಿ, ಕಟ್ಟುತ್ತಾನೆ. ಹದಿನೆಂಟು ವರ್ಷಕ್ಕೆ ನಾನು ಓದಲು ದೂರ ಹೋಗುತ್ತೇನೆ ಎಂದೆ. ವಾರ ಕಳೆಯುವಷ್ಟರಲ್ಲಿ ನನ್ನ ಕೋಣೆಯ ಗೋಡೆಗಂಟಿಕೊಂಡು ಸಿಮೆಂಟಿನ ಓದುವ ಮೇಜೊಂದು ಎದ್ದು ನಿಂತಿತ್ತು. ಇಪ್ಪತ್ತೊಂಬತ್ತಕ್ಕೆ ದೂರದ ಊರಿನ ಗಂಡೊಂದು ಒಪ್ಪಿಗೆಯಾಯಿತು. ಅಣ್ಣ ನನ್ನ ಕೋಣೆಗೆ ಬೀದಿ ಕಡೆಯಿಂದ ಬೇರೆಯದೇ ಬಾಗಿಲು ಇಟ್ಟು, ಮುಂದೆ ಕಟ್ಟೆ ಕಟ್ಟಿ, "ಬರೋನು ಇಲ್ಲೇ ಬಂದಿರ್ಲಿ" ಎಂದ. ಬರುವವನು ಬರಲಿಲ್ಲ. ಕಟ್ಟೆ ಈಗಲೂ ಇದೆ, ಓಣಿಯ ನಾಯಿಗಳು ಮಲಗುತ್ತವೆ.

ಹಾಗಾಗಿ, ತಾರಸಿಯ ಮೇಲೆ ಎದೆಮಟ್ಟದ ಕಂಬವೊಂದು ಏಳುತ್ತಿರುವುದನ್ನು ಕಂಡಾಗ ನಾನು ಕೈಚೀಲವನ್ನು ಬಿಗಿಯಾಗಿ ಹಿಡಿದುಕೊಂಡೆ. ಏನಕ್ಕೆ ಎಂದು ಕೇಳಿದರೆ, "ನೋಡ್ತಾ ಇರು" ಎನ್ನುತ್ತಿದ್ದ. ಬಟ್ಟೆ ಒಣಗಿಸುವ ತಂತಿಗಿರಬಹುದು ಎಂದು ಅತ್ತಿಗೆ ಖುಷಿಯಲ್ಲಿದ್ದರು. ನನ್ನ ಕೈಚೀಲದಲ್ಲಿ ಆಗ ಒಂದು ಪತ್ರವಿತ್ತು. ದೂರ ಉತ್ತರದ ಗುಡ್ಡವೊಂದರ ಮೇಲಿನ ವೀಕ್ಷಣಾಲಯದಿಂದ ಬಂದದ್ದು. ಬರುವ ಜನರಿಗೆ ಆಕಾಶ ತೋರಿಸಲು, ಅಲ್ಲಿನ ಮಸೂರಗಳನ್ನು ನೋಡಿಕೊಳ್ಳಲು ನನ್ನನ್ನು ಆರಿಸಿದ್ದರು. ಮುಂದಿನ ಶುಕ್ರವಾರ ಸಂಜೆ ಐದರೊಳಗೆ ಬರುತ್ತೇನೋ ಇಲ್ಲವೋ ಹೇಳಬೇಕಿತ್ತು. ಅರ್ಜಿ ಹಾಕಿದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನ್ನ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು. ಇಪ್ಪತ್ತೆರಡು ವರ್ಷವಾಯಿತು. ಆ ಕೋಣೆಗೆ ಕಿಟಕಿ ಇಲ್ಲ. ಊರಿನ ಅರ್ಧ ಜನಕ್ಕೆ ದೂರದ್ದು ಕಾಣುವ ಹಾಗೆ ಮಾಡಿಕೊಟ್ಟವಳು ನಾನು, ನನಗೆ ಕಾಣುವುದು ಎದುರಿನ ಗೋಡೆಯ ಮೇಲಿನ ಗಡಿಯಾರ ಒಂದೇ. ಒಂಬತ್ತು ವರ್ಷದ ಹಿಂದೆ ನಾನೇ ಕನ್ನಡಿ ಉಜ್ಜಿ ಒಂದು ಟೆಲಿಸ್ಕೋಪ್ ಮಾಡಿಕೊಂಡೆ. ಅದನ್ನು ಕ್ಯಾಮೆರಾದ ಮುಕ್ಕಾಲಿಯೊಂದರ ಮೇಲೆ ಕೂರಿಸಿದ್ದೆ. ಗಾಳಿ ಬೀಸಿದರೆ ಚಂದ್ರ ಕುಣಿಯುತ್ತಿದ್ದ. ಒಳ್ಳೆಯ ಮೌಂಟ್ ಬೇಕಿತ್ತು, ಎಂದರೆ ಟೆಲಿಸ್ಕೋಪನ್ನು ಹೊತ್ತು, ಭೂಮಿ ತಿರುಗಿದಷ್ಟೇ ಹಿಂದಕ್ಕೆ ತಿರುಗಿ, ನಕ್ಷತ್ರವನ್ನು ಕಣ್ಣೆದುರೇ ನಿಲ್ಲಿಸಿಕೊಳ್ಳುವ ಪೀಠ. ಅದರ ಚಿತ್ರವೊಂದನ್ನು ಕಪಾಟಿನ ಬಾಗಿಲ ಒಳಗೆ ಅಂಟಿಸಿಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಅಣ್ಣನಿಗೆ ಪತ್ರ ತೋರಿಸಿಯೇ ಬಿಡುವುದೆಂದು ತೀರ್ಮಾನಿಸಿ ತಾರಸಿ ಹತ್ತಿದೆ. ಕಂಬದ ಪಕ್ಕ ಒಂದು ದೊಡ್ಡ ಪೆಟ್ಟಿಗೆ ಇತ್ತು. ಅದರ ಪಕ್ಕ ಕೈಕಟ್ಟಿಕೊಂಡು ಅಣ್ಣ.

"ಬಿಚ್ಚು ಪುಟ್ಟಿ," ಎಂದ. ನನಗೆ ನಲವತ್ತಮೂರು. ಅವನ ಲೆಕ್ಕದಲ್ಲಿ ನಾನಿನ್ನೂ ಪುಟ್ಟಿ.

ಬಿಚ್ಚಿದೆ. ಚಿತ್ರದಲ್ಲಿದ್ದದ್ದೇ! ಅದೇ ಬಿಳಿ ಬಣ್ಣ, ಅದೇ ಎರಡು ಅಕ್ಷಗಳು, ಕೆಳಗೆ ತೂಕದ ಗುಂಡು ತೂರಿಸುವ ಉಕ್ಕಿನ ಸರಳು. ಕಪಾಟಿನಿಂದ ಚಿತ್ರ ಕದ್ದುಕೊಂಡು ಹೋಗಿ ಪೇಟೆಯ ಅಂಗಡಿಯವನೊಬ್ಬನಿಗೆ ತೋರಿಸಿ ತರಿಸಿದ್ದನಂತೆ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಎರಡನ್ನೂ ನುಂಗಿದೆ.

"ಕೆಳಗಿನ ನಿನ್ನ ಕೋಣೆ ಗೋಡೆ ಮೇಲೇ ಸರಿಯಾಗಿ ಎಬ್ಬಿಸಿದೀನಿ. ಆನೆ ಕಟ್ಟಿದ್ರೂ ಅಲ್ಲಾಡಲ್ಲ," ಎಂದು ಕಂಬ ತಟ್ಟಿದ. "ಇನ್ನು ನೀನು ಆಕಾಶ ನೋಡೋಕೆ ಎಲ್ಲೂ ಹೋಗ್ಬೇಕಾಗಿಲ್ಲ."

ಈ ಮಾತನ್ನು ಅವನು ಗೊತ್ತಿದ್ದು ಹೇಳಿದನೋ ಗೊತ್ತಿಲ್ಲದೆ ಹೇಳಿದನೋ ನನಗೆ ತಿಳಿಯಲಿಲ್ಲ. ಮೇಜು ಕಟ್ಟಿದಾಗಲೂ ತಿಳಿದಿರಲಿಲ್ಲ, ಬಾಗಿಲು ಇಟ್ಟಾಗಲೂ ತಿಳಿದಿರಲಿಲ್ಲ. ಪತ್ರ ಕೈಚೀಲದಲ್ಲೇ ಉಳಿಯಿತು.

ಜೊತೆಗೆ ಬಂದ ಪುಸ್ತಕ ನೋಡಿಕೊಂಡು ಕೆಲಸ ಶುರುಮಾಡಿದೆವು. ಮೊದಲು ಸಮತೋಲ. ಟೆಲಿಸ್ಕೋಪ್ ಒಂದು ಕಡೆ, ಗುಂಡು ಇನ್ನೊಂದು ಕಡೆ. ಹಿಡಿತದ ತಿರುಪು ಸಡಿಲಿಸಿ ಕೈ ಬಿಟ್ಟರೆ ಎರಡೂ ಇದ್ದಲ್ಲೇ ನಿಲ್ಲಬೇಕು. ಅಣ್ಣನಿಗೆ ಪುಸ್ತಕವೇ ಬೇಕಾಗಲಿಲ್ಲ, ಗುಂಡನ್ನು ಎರಡು ಬೆರಳು ಮೇಲೆ ಸರಿಸಿದ, ನಿಂತಿತು. ಆಮೇಲೆ ಪಕ್ಕದಲ್ಲಿದ್ದ ಅಂಕಿಗಳ ಪಟ್ಟಿ ಏನೆಂದು ಕೇಳಿದ.

"ಅದು ನಮ್ಮೂರಿಂದ ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿ ಕಾಣುತ್ತೆ ಅನ್ನೋ ಲೆಕ್ಕ. ಇದರ ಅಕ್ಷ ಅದನ್ನೇ ನೋಡ್ತಿರ್ಬೇಕು. ಇಲ್ಲಿಗೆ ಇಪ್ಪತ್ತೆಂಟು ಡಿಗ್ರಿ. ಉತ್ತರಕ್ಕೆ ಹೋದ ಹಾಗೆ ಅದು ಮೇಲೇರುತ್ತೆ. ನೂರಾ ಹನ್ನೊಂದು ಕಿಲೋಮೀಟರಿಗೆ ಒಂದು ಡಿಗ್ರಿ."

"ಮಾಡಿನ ಇಳಿಜಾರು ಇಟ್ಟ ಹಾಗೆ," ಎಂದ. ಅವನಿಗೆ ಅರ್ಥವಾಗಿತ್ತು. ಅವನಿಗೆ ಎಲ್ಲ ಬೇಗ ಅರ್ಥವಾಗುತ್ತದೆ, ಅದೇ ನನಗೆ ಭಯ.

ಮೌಂಟನ್ನು ಕಂಬದ ನಾಲ್ಕು ಬೋಲ್ಟುಗಳ ಮೇಲೆ ಕೂರಿಸುವಾಗ ನನ್ನ ಎದೆಯಲ್ಲಿ ಸಣ್ಣದೊಂದು ಆಸೆ ಕಣ್ಣುಬಿಟ್ಟಿತು. ಬೋಲ್ಟುಗಳನ್ನು ಅಣ್ಣ ಮನೆಯ ಉತ್ತರದ ಗೋಡೆಗೆ ನೇರವಾಗಿ ಇಟ್ಟಿದ್ದ. ಮನೆಯ ಉತ್ತರದ ಗೋಡೆ ಉತ್ತರಕ್ಕೆ ಇರಲಿಲ್ಲ. ಒಂಬತ್ತು ವರ್ಷ ಆಕಾಶ ನೋಡಿದವಳಿಗೆ ಅಷ್ಟು ತಿಳಿಯದೇ? ಮನೆ ಪೂರ್ತಿ ಎಡಕ್ಕೆ ತಿರುಗಿ ಕೂತಿದೆ ಎಂದು ಮೊದಲ ರಾತ್ರಿಯೇ ಗೊತ್ತಾಗಿತ್ತು. ಅಣ್ಣ ತನ್ನ ಕೈಯಾರೆ ಕಟ್ಟಿದ ಮೊದಲ ಮನೆ ಇದು. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

ಈಗ ಬಿಟ್ಟೆ. ಹೇಳುವಾಗ ಒಳಗೊಳಗೇ ಕೆಟ್ಟ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಕಂಬ ಕೆಲಸಕ್ಕೆ ಬಾರದಿದ್ದರೆ ನನ್ನ ಕಾಲಿನ ಹಗ್ಗವೂ ಸಡಿಲವಾಯಿತಲ್ಲ!

"ಅಣ್ಣಾ, ಉತ್ತರ ಅಲ್ಲಿಲ್ಲ."

"ಯಾವುದು?"

"ಈ ಗೋಡೆ ಇರೋ ಕಡೆ ಉತ್ತರ ಅಲ್ಲ. ಇನ್ನೂ ಬಲಕ್ಕಿದೆ. ಮೌಂಟು ಅಕ್ಕಪಕ್ಕಕ್ಕೆ ಐದಾರು ಡಿಗ್ರಿ ಮಾತ್ರ ತಿರುಗುತ್ತೆ, ಸಾಲಲ್ಲ."

"ನನ್ನ ಗೋಡೆ ಸೊಟ್ಟ ಅನ್ನೋರು ಇನ್ನೂ ಹುಟ್ಟಿಲ್ಲ," ಎಂದು ಅಣ್ಣ ನಕ್ಕ. ಫೋನಿನಲ್ಲಿ ದಿಕ್ಸೂಚಿ ತೋರಿಸಿದೆ. ಕಂಬದೊಳಗೆ ಕಬ್ಬಿಣ ಇದೆ, ಮುಳ್ಳು ತಪ್ಪು ಹೇಳುತ್ತೆ ಎಂದ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಗೋಡೆಯ ನೇರ ನೋಡುವ ಅವನದೇ ತೂಗುಗುಂಡು ತರಿಸಿ, ದಾರಕ್ಕೆ ಕಟ್ಟಿ ನೇತುಹಾಕಿ, ಹನ್ನೊಂದರಿಂದ ಒಂದರವರೆಗೆ ಹತ್ತು ನಿಮಿಷಕ್ಕೊಮ್ಮೆ ಅದರ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಎಲ್ಲಕ್ಕಿಂತ ಗಿಡ್ಡ ನೆರಳು ಬಿದ್ದ ಕಡೆಯೇ ಉತ್ತರ. ಅದಕ್ಕೊಂದು ಗೆರೆ ಎಳೆದೆ. ಗೆರೆ ಗೋಡೆಗೆ ನೇರವಾಗಿ ಹೋಗದೆ ಬಲಕ್ಕೆ ವಾಲಿಕೊಂಡು ಮೆಟ್ಟಿಲ ಕೋಣೆಯ ಕಡೆ ಹೋಯಿತು.

ತನ್ನ ತೂಗುಗುಂಡಿನ ಮಾತನ್ನು ಅಣ್ಣ ತೆಗೆದುಹಾಕುವಂತಿರಲಿಲ್ಲ. ಮಂಡಿಯೂರಿ ಕೂತು ಕೋನ ಅಳೆದ. ಇಪ್ಪತ್ತೇಳು ಡಿಗ್ರಿ. ಮತ್ತೊಮ್ಮೆ ಅಳೆದ.

"ಪಾಯ ತೆಗೆದ ದಿನ," ಎಂದ ಕೊನೆಗೆ. "ಹೊತ್ತು ಹುಟ್ಟೋದನ್ನೇ ಕಾದು, ಹುಟ್ಟಿದ ಕಡೆಗೆ ದಾರ ಹಿಡಿದೆ. ಅದೇ ಪೂರ್ವ ಅಂದ್ಕೊಂಡೆ."

"ಯಾವ ತಿಂಗಳು?"

"ನಿನಗೆ ಶಾಲೆಗೆ ರಜ ಇತ್ತು. ಬೇಸಿಗೆ."

ಬೇಸಿಗೆಯ ತುತ್ತತುದಿಯಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ, ಉತ್ತರಕ್ಕೆ ಬಹಳ ಸರಿದು ಹುಟ್ಟುತ್ತಾನೆ. ಆಗ ಸುತ್ತ ಒಂದು ಮನೆಯೂ ಇರಲಿಲ್ಲ. ಆಮೇಲೆ ಬಂದವರೆಲ್ಲ ಅಣ್ಣನ ಗೋಡೆ ನೋಡಿಯೇ ದಾರ ಹಿಡಿದು, ಇಡೀ ಓಣಿಯೇ ಸೊಟ್ಟಗಾಗಿತ್ತು. ನಗಬೇಕೆನಿಸಿತು, ಆದರೆ ನಗಲಾಗಲಿಲ್ಲ. ಅಪ್ಪ ಅಮ್ಮ ಹೋಗಿ ಎರಡು ವರ್ಷವಾಗಿತ್ತು ಆಗ. ನನಗೆ ಹನ್ನೊಂದು, ಅವನಿಗೆ ಇಪ್ಪತ್ತೈದು. ಆ ಬೆಳಿಗ್ಗೆ ದಾರದ ಇನ್ನೊಂದು ತುದಿ ಹಿಡಿದು ನಿಂತಿದ್ದವಳು ನಾನೇ. ಅಲ್ಲಾಡಬೇಡ ಎಂದಿದ್ದ. ಅಲ್ಲಾಡಿರಲಿಲ್ಲ.

"ಹೋಗ್ಲಿ ಬಿಡಣ್ಣ," ಎಂದೆ. "ಕಂಬ ಹಾಗೇ ಇರ್ಲಿ. ಅತ್ತಿಗೆ ತಂತಿ ಕಟ್ಕೊಳ್ತಾರೆ."

ಅವನು ತಲೆಯೆತ್ತಿ ನೋಡಿದ. "ತಪ್ಪು ನಂದು. ನಾನೇ ಸರಿಮಾಡ್ತೀನಿ," ಎಂದ. ಆಗಲೇ ಗೊತ್ತಾಯಿತು, ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ ಎಂದು.

ಮಂಗಳವಾರ ದಪ್ಪ ಕಬ್ಬಿಣದ ತಗಡೊಂದನ್ನು ಕೊರೆಸಿ ತಂದ. ಒಂದು ಸಾಲು ತೂತು ಕಂಬದ ಬೋಲ್ಟುಗಳಿಗೆ, ಇನ್ನೊಂದು ಸಾಲು ಇಪ್ಪತ್ತೇಳು ಡಿಗ್ರಿ ತಿರುಗಿಸಿ ಮೌಂಟಿಗೆ. ಬುಧವಾರ ಸಂಜೆ ಕೂರಿಸಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನನ್ನ ಹತ್ತಿರ ಇನ್ನೊಂದೇ ಇಸ್ಪೀಟೆಲೆ ಉಳಿದಿತ್ತು, ಅದನ್ನೂ ಎಸೆದೆ.

"ಅಣ್ಣ, ಆ ಕಡೆ ನೀರಿನ ಟ್ಯಾಂಕ್ ಇದೆ. ಧ್ರುವ ಅದರ ಹಿಂದೆ. ಅದು ಕಾಣದೆ ಇದನ್ನ ಸರಿಯಾಗಿ ಹೊಂದಿಸೋಕಾಗಲ್ಲ."

ಅದು ಪೂರ್ತಿ ನಿಜವಲ್ಲ. ಧ್ರುವ ಕಾಣದೆಯೂ ಹೊಂದಿಸುವ ಉಪಾಯಗಳಿವೆ, ಪುಸ್ತಕದಲ್ಲೇ ಇದ್ದವು. ಅಣ್ಣ ಮೆಟ್ಟಿಲ ಕೋಣೆಯ ಮೇಲಿನ ಟ್ಯಾಂಕನ್ನು ನೋಡಿದ, ನನ್ನನ್ನು ನೋಡಿದ, ಟೇಪು ತೆಗೆದ. ನಾನು ಕೆಳಗಿಳಿದು ಬಂದೆ.

ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆ ಒರೆಸುತ್ತಿದ್ದರು. "ನಿಂಗೇನೋ ಹೇಳೋದಿದೆ. ವಾರದಿಂದ ನೋಡ್ತಿದೀನಿ, ಅನ್ನ ಕಲಸ್ತೀಯ, ತಿನ್ನಲ್ಲ," ಎಂದರು.

"ಏನಿಲ್ಲ ಅತ್ತಿಗೆ."

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ನಿಮ್ಮಣ್ಣನಿಗೆ ನೇರ ಹೇಳಿದ್ರೇ ಅರ್ಥ ಆಗೋದು. ಸುತ್ತಿ ಬಳಸಿ ಹೇಳಿದ್ರೆ ಅವರು ಇನ್ನೊಂದು ಗೋಡೆ ಕಟ್ತಾರೆ, ಅಷ್ಟೆ."

ನೇರ ಹೇಳುವುದು ಅಷ್ಟು ಸುಲಭವೇ? ಹೊಡೆಯುವ ಅಣ್ಣನಾಗಿದ್ದರೆ ಎಂದೋ ಹೊರಟುಹೋಗುತ್ತಿದ್ದೆ. ಬಯ್ಯುವವನಾಗಿದ್ದರೂ ಆಗುತ್ತಿತ್ತು. ನನಗೆ ಜ್ವರ ಬಂದಾಗ ಎರಡು ರಾತ್ರಿ ನಿಂತೇ ಇದ್ದವನು, ತನ್ನ ಮದುವೆಗಿಂತ ಮೊದಲು ನನ್ನ ಕೋಣೆಗೆ ಸುಣ್ಣ ಬಳಿದವನು. ಅವನಿಗೆ ಹೋಗುತ್ತೇನೆ ಎನ್ನುವುದಕ್ಕೆ ನನ್ನ ಬಳಿ ಕಾರಣವೇ ಇರಲಿಲ್ಲ. ಹೋಗಬೇಕು ಅನಿಸುತ್ತದೆ, ಅಷ್ಟೇ. ನಲವತ್ತಮೂರು ವರ್ಷದಲ್ಲಿ ಒಮ್ಮೆಯಾದರೂ ನನ್ನ ಗೋಡೆಯನ್ನು ನಾನೇ ಆರಿಸಿಕೊಳ್ಳಬೇಕು ಅನಿಸುತ್ತದೆ. ಇದು ಯಾರಿಗಾದರೂ ಹೇಳುವಂಥ ಕಾರಣವೇ?

ಗುರುವಾರ ಅಂಗಡಿಯಿಂದ ಬಂದು ಒಬ್ಬಳೇ ತಾರಸಿ ಹತ್ತಿದೆ. ಟ್ಯಾಂಕ್ ಇನ್ನೂ ಅಲ್ಲೇ ಇತ್ತು. ಸುಮ್ಮನೆ ಮೌಂಟಿನ ಎತ್ತರ ಹೊಂದಿಸುವ ತಿರುಪು ಹಿಡಿದು ತಿರುಗಿಸಿದೆ. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು. ಅಕ್ಷ ಒಂದೊಂದೇ ಡಿಗ್ರಿ ತಲೆಯೆತ್ತಿತು. ಮೂವತ್ತೈದಕ್ಕೆ ನಿಲ್ಲಿಸಿದೆ. ಆ ಗುಡ್ಡದ ಮೇಲಿಂದ ಧ್ರುವ ಇಷ್ಟು ಎತ್ತರದಲ್ಲಿರುತ್ತದೆ. ಬೆನ್ನು ನೆಟ್ಟಗೆ ಮಾಡಿ ಅದು ನೋಡುತ್ತಿದ್ದ ಕಡೆ ನಾನೂ ನೋಡಿದೆ, ಟ್ಯಾಂಕಿನ ಮೇಲೆ ಬರೀ ಆಕಾಶವಿತ್ತು. ಎಷ್ಟು ಹೊತ್ತು ನಿಂತಿದ್ದೆನೋ, ಕೆಳಗಿನಿಂದ ಅತ್ತಿಗೆ ಊಟಕ್ಕೆ ಕರೆದರು. ಹೊದಿಕೆ ಎಳೆದು ಇಳಿದೆ.

ಶುಕ್ರವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ವೀಕ್ಷಣಾಲಯಕ್ಕೆ ಫೋನ್ ಮಾಡಿದೆ. "ಬರ್ತೀನಿ," ಎಂದೆ. ಆ ಕಡೆಯವರು, "ಸಂತೋಷ, ಒಂದನೇ ತಾರೀಖು ಬನ್ನಿ," ಎಂದರು. ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಎರಡು ಗಾಜು ಒಡೆದೆ, ಮಾಲೀಕರಿಂದ ಬೈಸಿಕೊಂಡೆ.

ಮನೆಗೆ ಬಂದರೆ ಬಾಗಿಲಲ್ಲೇ ಬಕೆಟ್ಟುಗಳ ಸಾಲು. ಅತ್ತಿಗೆಯ ಮುಖ ಕೆಂಪಗಾಗಿತ್ತು.

"ನಿಮ್ಮಣ್ಣನಿಗೆ ತಲೆ ಕೆಟ್ಟಿದೆ! ಬೆಳಗಿನಿಂದ ನಲ್ಲೀಲಿ ಹನಿ ನೀರಿಲ್ಲ. ಇಬ್ಬರನ್ನ ಕರ್ಕೊಂಬಂದು ಟ್ಯಾಂಕ್ ಕಿತ್ತು, ಆ ಮೂಲೆಗೆ ಹೊಸ ಕಟ್ಟೆ ಕಟ್ಟಿ ಇಟ್ಟಿದಾರೆ. ಪೈಪು ನಾಳೆಯಂತೆ. ನಕ್ಷತ್ರ ನೋಡೋಕೆ ನಾವೆಲ್ಲ ಸ್ನಾನ ಬಿಡಬೇಕಂತೆ."

ಮೆಟ್ಟಿಲ ಬುಡದಲ್ಲಿ ನಿಂತೆ. ಒಪ್ಪಿಕೊಂಡಾಗಿತ್ತು, ಹಿಂದೆ ಬರುವಂತಿಲ್ಲ. ಟ್ಯಾಂಕ್ ಸರಿದಾಗಿತ್ತು, ಮುಂದೆ ಹೋಗುವಂತಿಲ್ಲ. ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ನಾನು ಆಡಿದ ಅರ್ಧ ಸುಳ್ಳಿಗೆ ಐವತ್ತೇಳು ವರ್ಷದ ಮನುಷ್ಯ ಇಡೀ ದಿನ ಮೈ ಮುರಿದು ದುಡಿದಿದ್ದ.

ಮೇಲೆ ಹೋದೆ. ಸೂರ್ಯ ಮುಳುಗಿ ಅರ್ಧ ಗಂಟೆಯಾಗಿತ್ತು. ಅಣ್ಣ ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಮೆಟ್ಟಿಲ ಕೋಣೆಯ ಮೇಲೆ ಟ್ಯಾಂಕಿದ್ದ ಜಾಗದಲ್ಲಿ ಒಂದು ದುಂಡನೆಯ ಒದ್ದೆ ಕಲೆ ಮಾತ್ರ ಉಳಿದಿತ್ತು. ಅದರ ಮೇಲೆ ಬಯಲಾದ ಆಕಾಶದಲ್ಲಿ ಧ್ರುವ ಮಸುಕಾಗಿ ಕಾಣತೊಡಗಿತ್ತು.

"ಬಂದ್ಯಾ? ನೋಡು," ಎಂದ. "ನಾನೇ ಹೊಂದಿಸೋಣ ಅಂತ ಹೊದಿಕೆ ತೆಗೆದೆ. ಈ ಅಕ್ಷದ ತೂತಿನೊಳಗೆ ನಕ್ಷತ್ರ ಕಾಣ್ಬೇಕು ಅಂತ ಪುಸ್ತಕದಲ್ಲಿದೆ. ಕಾಣ್ತಿಲ್ಲ. ಬರೀ ಮೇಲಕ್ಕೆ ನೋಡ್ತಿದೆ ಇದು."

ಆಗ ನೆನಪಾಯಿತು. ತಿರುಪು ಇಳಿಸುವುದನ್ನು ಮರೆತಿದ್ದೆ.

ಅಣ್ಣ ಆಗಲೇ ಬಗ್ಗಿ ಅಂಕಿಗಳ ಪಟ್ಟಿಗೆ ಟಾರ್ಚು ಹಿಡಿದಿದ್ದ. "ಮೂವತ್ತೈದು ಅಂತಿದೆ. ನಮಗೆ ಇಪ್ಪತ್ತೆಂಟು ಅಂದಿದ್ದೆ ನೀನು."

ಜಾರಿರಬೇಕು ಎನ್ನಬಹುದಿತ್ತು. ಅವನು ನಂಬುತ್ತಿದ್ದ.

"ಏಳು ಹೆಚ್ಚು," ಎಂದ. ನೆಲ ನೋಡಿದ. ಇಟ್ಟಿಗೆಯ ಲೆಕ್ಕ ಹಾಕುವಾಗ ಅವನ ತುಟಿ ಅಲ್ಲಾಡುತ್ತದೆ, ಹಾಗೇ ಅಲ್ಲಾಡಿತು. "ಡಿಗ್ರಿಗೆ ನೂರಾ ಹನ್ನೊಂದು. ಏಳ್ನೂರ ಎಪ್ಪತ್ತೇಳು ಕಿಲೋಮೀಟರ್. ಉತ್ತರಕ್ಕೆ."

"ಹೂಂ."

"ಅಲ್ಲೇನಿದೆ?"

"ಕೆಲಸ. ವೀಕ್ಷಣಾಲಯದಲ್ಲಿ. ಬರ್ತೀನಿ ಅಂತ ಇವತ್ತು ಹೇಳ್ಬಿಟ್ಟೆ ಅಣ್ಣ. ಒಂದನೇ ತಾರೀಖಿಂದ."

ಅಣ್ಣ ಟಾರ್ಚು ಆರಿಸಿದ. ಸಿಮೆಂಟಿನ ಬಾಂಡ್ಲಿಯನ್ನು ಬೋರಲು ಹಾಕಿ ಅದರ ಮೇಲೆ ಕೂತ. ಕೆಳಗೆ ಅತ್ತಿಗೆ ಬಕೆಟ್ಟು ಎಳೆಯುವ ಸದ್ದು ಕೇಳುತ್ತಿತ್ತು.

"ಟ್ಯಾಂಕ್ ಅಡ್ಡ ಇದೆ ಅಂದಾಗ್ಲೇ ನನಗೆ ಅನಿಸ್ತು," ಎಂದ. "ಒಂಬತ್ತು ವರ್ಷದಿಂದ ಇಲ್ಲದ ಅಡ್ಡ ಈಗ ಯಾಕೆ ಬಂತು ಅಂತ. ಆದ್ರೂ ಸರಿಸಿದೆ."

"ಯಾಕಣ್ಣ?"

"ಇನ್ನೇನು ಮಾಡ್ಲಿ? ನನಗೆ ಬರೋದು ಅದೊಂದೇ." ಆಮೇಲೆ ಕೇಳಿದ, "ಮೇಜು ಕಟ್ಟಿದಾಗ್ಲೂ ನಿನಗೆ ಹೋಗೋ ಮನಸ್ಸಿತ್ತಾ?"

"ಇತ್ತು."

"ಬಾಗಿಲು ಇಟ್ಟಾಗ?"

"ಆಗಲೂ."

ಅವನು ಮುಖವನ್ನು ಎರಡೂ ಅಂಗೈಯಿಂದ ಉಜ್ಜಿಕೊಂಡ. ಸಿಮೆಂಟಿನ ಪುಡಿ ಉದುರಿತು. ನನಗೆ ಅವನ ಕಾಲು ಹಿಡಿದು, ಹೋಗಲ್ಲ ಬಿಡು, ನಾಳೆಯೇ ಫೋನ್ ಮಾಡಿ ಬರಲ್ಲ ಎನ್ನುತ್ತೇನೆ ಎಂದುಬಿಡಬೇಕೆನಿಸಿತು. ಅಷ್ಟರಲ್ಲಿ ಅವನು ಎದ್ದು ಮೌಂಟಿನ ಹತ್ತಿರ ಬಂದ.

"ಇಪ್ಪತ್ತೆಂಟಕ್ಕೆ ಇಳಿಸು," ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮೂವತ್ತೆರಡು ವರ್ಷದ ಹಿಂದೆ ಅಲ್ಲಾಡಬೇಡ ಎಂದದ್ದೂ ಇದೇ ದನಿಯಲ್ಲಿ. ನನ್ನ ಕೈ ತಾನಾಗಿ ತಿರುಪಿಗೆ ಹೋಯಿತು. ಇಷ್ಟೇ, ಇನ್ನು ಹೋಗುವುದಿಲ್ಲ ಎಂದುಕೊಂಡೆ. ಮೂವತ್ತನಾಲ್ಕು, ಮೂವತ್ತಮೂರು. ಕಣ್ಣು ಮಂಜಾಗಿ ಅಂಕಿ ಕಾಣಲಿಲ್ಲ. ಅವನೇ ಟಾರ್ಚು ಹಿಡಿದ. ಇಪ್ಪತ್ತೆಂಟಕ್ಕೆ ಬಂದು ನಿಲ್ಲಿಸಿದೆ.

"ಇವತ್ತು ಇಲ್ಲೇ ಇದ್ದೀಯಲ್ಲ," ಎಂದ ಅಣ್ಣ. "ಉತ್ತರ ಎಲ್ಲಿದೆ ಅಂತ ನನಗೊಂದು ಸಲ ತೋರಿಸು. ಹೋಗೋವಾಗ ಮೂವತ್ತೈದಕ್ಕೆ ಏರಿಸ್ಕೊಂಡು ಹೋಗುವಂತೆ."

ನಾನು ಅಕ್ಷದ ತೂತಿಗೆ ಕಣ್ಣಿಟ್ಟೆ. ಕಣ್ಣು ಒರೆಸಿಕೊಂಡು ಮತ್ತೆ ಇಟ್ಟೆ. ಅಕ್ಕಪಕ್ಕದ ತಿರುಪನ್ನು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದಾಗ ಧ್ರುವ ತೂತಿನೊಳಗಿನ ಗುರುತಿನ ಗೆರೆಗಳ ನಡುವೆ ಬಂದು ಕೂತಿತು. ಪಕ್ಕಕ್ಕೆ ಸರಿದೆ. ಅಣ್ಣ ಬಗ್ಗಿದ. ಒಂದು ಕಣ್ಣು ಮುಚ್ಚಲು ಬಾರದೆ ಅಂಗೈಯಿಂದ ಮುಚ್ಚಿಕೊಂಡ.

ತುಂಬ ಹೊತ್ತು ನೋಡಿದ. ಆಮೇಲೆ ತಲೆಯೆತ್ತಿ ತನ್ನ ಗೋಡೆ ನೋಡಿದ, ಮತ್ತೆ ನಕ್ಷತ್ರ ನೋಡಿದ.

"ಅಲ್ಲಿ ಕಂಬ ಯಾರು ಕಟ್ಟಿದಾರೋ," ಎಂದ. "ಹೋದ ತಕ್ಷಣ ತೂಗುಗುಂಡು ಹಿಡಿದು ನೋಡು. ನನ್ನದೇ ತಗೊಂಡು ಹೋಗು."

ಕೆಳಗಿನಿಂದ ಅತ್ತಿಗೆ ಕೂಗಿದರು, ಇಬ್ಬರೂ ಒಂದೊಂದು ಬಕೆಟ್ಟು ಹಿಡಿದುಕೊಂಡೇ ಊಟಕ್ಕೆ ಬರಬೇಕಂತೆ.